ಫೋನ್, ವಾಚ್ ಚಿಪ್‌ಗಳ ಟಿಪ್ಪಣಿ: ವೇಗ ಇಳಿಸಿದರೆ ಬ್ಯಾಟರಿ ಉಳಿಯುತ್ತಾ?

ಸಿಪಿಯು (ಲೆಕ್ಕ ಮಾಡುವ ಭಾಗ), ಜಿಪಿಯು (ಚಿತ್ರ ಮೂಡಿಸುವ ಭಾಗ), ವಿಡಿಯೋ ಡಿಕೋಡರ್ ಎಲ್ಲ ಒಂದೇ ಸಿಲಿಕಾನ್ ತುಂಡಿನಲ್ಲಿದ್ದರೆ ಅದು ಎಸ್‌ಒಸಿ (ಸಿಸ್ಟಮ್ ಆನ್ ಚಿಪ್). ಇಷ್ಟು ಸಾಕು.

ಫೋನ್ ಕಂಪನಿಗಳು ಹೇಳುವ "ಸ್ವಂತ ಚಿಪ್" ಅನ್ನೋದರಲ್ಲಿ ಹಂತಗಳಿವೆ. ಆಪಲ್‌ನ 2010ರ ಎ4 ಚಿಪ್‌ನಲ್ಲಿದ್ದ ಕೋರ್ (ಸಿಪಿಯುನಲ್ಲಿ ಆದೇಶಗಳನ್ನು ನಡೆಸುವ ಘಟಕ) ಆರ್ಮ್ ಕಂಪನಿಯ ಕಾರ್ಟೆಕ್ಸ್ ಎ8. ತಯಾರಿಸಿದ್ದು ಸ್ಯಾಮ್‌ಸಂಗ್. ಕೋರನ್ನೂ ಆಪಲ್ ತಾನೇ ವಿನ್ಯಾಸ ಮಾಡಿದ್ದು 2012ರ ಎ6ನಲ್ಲಿ. ಆಗಲೂ ಇನ್‌ಸ್ಟ್ರಕ್ಷನ್ ಸೆಟ್ (ಚಿಪ್‌ಗೆ ಅರ್ಥವಾಗುವ ಆದೇಶಗಳ ಪಟ್ಟಿ) ಆರ್ಮ್‌ನದ್ದೇ.

ಈಗ ಎಲ್ಲರೂ ಎಡವುವ ಜಾಗ. ಸರ್ಕ್ಯೂಟ್ ಕೆಲಸ ಮಾಡುವಾಗಿನ ಪವರ್ ಮೂರರ ಗುಣಲಬ್ಧವನ್ನು ಅವಲಂಬಿಸುತ್ತದೆ: ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ), ವೋಲ್ಟೇಜ್‌ನ ವರ್ಗ, ಕ್ಲಾಕ್ ವೇಗ (ಸೆಕೆಂಡಿಗೆ ಎಷ್ಟು ಹೆಜ್ಜೆ, ಅಂದರೆ ಸೈಕಲ್). ಹಾಗಾದರೆ ವೇಗ ಅರ್ಧ ಮಾಡಿದರೆ ಬ್ಯಾಟರಿ ಖರ್ಚೂ ಅರ್ಧ, ಅಲ್ವಾ? ಅಲ್ಲ!

ಲೆಕ್ಕಕ್ಕೆ ಸುಲಭವಾದ ಅಂಕಿ ಹಿಡಿಯೋಣ. ಕೆಲಸ 100 ಕೋಟಿ ಸೈಕಲ್. 2 ಗಿಗಾಹರ್ಟ್ಸ್‌ನಲ್ಲಿ 2 ವ್ಯಾಟ್, ಅರ್ಧ ಸೆಕೆಂಡ್: ಬ್ಯಾಟರಿ ಖರ್ಚು 1 ಜೂಲ್. 1 ಗಿಗಾಹರ್ಟ್ಸ್‌ನಲ್ಲಿ 1 ವ್ಯಾಟ್, ಆದರೆ ಪೂರ್ತಿ ಒಂದು ಸೆಕೆಂಡ್: ಮತ್ತೆ 1 ಜೂಲ್. ಉಳಿತಾಯ ಸೊನ್ನೆ. ಪವರ್ ಇಳಿಯಿತು, ಸಮಯ ಅಷ್ಟೇ ಏರಿತು.

ಲಾಭ ಬರೋದು ವೋಲ್ಟೇಜ್‌ನಿಂದ. ವೋಲ್ಟೇಜ್ ಕಡಿಮೆಯಾದರೆ ಟ್ರಾನ್ಸಿಸ್ಟರ್ (ಚಿಪ್‌ನೊಳಗಿನ ಪುಟ್ಟ ಸ್ವಿಚ್) ನಿಧಾನವಾಗಿ ಬದಲಾಗುತ್ತದೆ. ಕ್ಲಾಕ್ ನಿಧಾನವಿದ್ದರೆ ಅದಕ್ಕೆ ಸಮಯ ಸಿಗುತ್ತದೆ. ಹಾಗಾಗಿ ವೋಲ್ಟೇಜನ್ನು 1ರಿಂದ 0.8ಕ್ಕೆ ಇಳಿಸಬಹುದು ಅಂದುಕೊಳ್ಳಿ. ವರ್ಗ 0.64. ಅದೇ ಕೆಲಸ ಈಗ 0.64 ಜೂಲ್‌ನಲ್ಲಿ ಮುಗಿಯುತ್ತದೆ. ವೇಗ ಇಳಿಸುವುದು ವೋಲ್ಟೇಜ್ ಇಳಿಸಲು ಸಿಗುವ ಅವಕಾಶ, ಅಷ್ಟೇ.

ನನ್ನ ಶಾರ್ಟ್‌ಕಟ್: ಚಿಪ್ ಎಷ್ಟು ಬಿಸಿ ಅಂತ ಕೇಳಿದರೆ ಮೂರನ್ನೂ ನೋಡಿ. ಒಂದು ಕೆಲಸಕ್ಕೆ ಎಷ್ಟು ಬ್ಯಾಟರಿ ಅಂತ ಕೇಳಿದರೆ ಕ್ಲಾಕ್ ಬಿಟ್ಟುಬಿಡಿ.

ಇದಕ್ಕೊಂದು ಮಿತಿ ಇದೆ. ಟ್ರಾನ್ಸಿಸ್ಟರ್ ಸುಮ್ನೆ ಕೂತಾಗಲೂ ಕರೆಂಟ್ ಸೋರುತ್ತದೆ. ವೋಲ್ಟೇಜ್ ಇನ್ನು ಇಳಿಯದು ಅನ್ನುವ ಮಟ್ಟ ತಲುಪಿದ ಮೇಲೂ ವೇಗ ಇಳಿಸಿದರೆ ಕೆಲಸ ಹೆಚ್ಚು ಹೊತ್ತು ಹಿಡಿದು ಸೋರಿಕೆ ಏರುತ್ತದೆ, ನಷ್ಟವೇ ಜಾಸ್ತಿ. ಆಗ ಬೇಗ ಮುಗಿಸಿ ಆ ಭಾಗದ ವಿದ್ಯುತ್ ಕಡಿಯೋದೇ ವಾಸಿ.

ಹಗುರ ಕೆಲಸಕ್ಕೆ ಇಡುವ ಚಿಕ್ಕ ಕೋರ್‌ನ ಗುಟ್ಟು ಕೆಪಾಸಿಟೆನ್ಸ್. ಪ್ರತಿ ಕೆಲಸಕ್ಕೂ ಬದಲಾಗುವ ಟ್ರಾನ್ಸಿಸ್ಟರ್‌ಗಳೇ ಕಡಿಮೆ. ದೊಡ್ಡ, ಚಿಕ್ಕ ಕೋರ್‌ಗಳನ್ನು ಜೋಡಿಸುವ ಬಿಗ್‌ಲಿಟಲ್ ವಿನ್ಯಾಸವನ್ನು ಆರ್ಮ್ 2011ರಲ್ಲಿ ಪ್ರಕಟಿಸಿತು. 2013ರ ಐಫೋನ್ 5ಎಸ್‌ನಲ್ಲಿ ಮುಖ್ಯ ಚಿಪ್ ಎ7 ಪಕ್ಕದಲ್ಲೇ ಎಂ7 ಎಂಬ ಪುಟ್ಟ ಚಿಪ್ ಇತ್ತು. ಎ7 ಮಲಗಿದ್ದಾಗಲೂ ಎಂ7 ಚಲನೆಯ ಸೆನ್ಸರ್‌ಗಳನ್ನು ಓದುತ್ತಾ ಹೆಜ್ಜೆ ಎಣಿಸುತ್ತದೆ. ಆಪ್ ಆಮೇಲೆ ಕೇಳಿದರೆ ಕೂಡಿಟ್ಟ ಲೆಕ್ಕ ಕೊಡುತ್ತದೆ.