ಸಹಿ ಹಾಕಿದವರ ಮನೆಗೆ ಬಂದ ಬಡತನ

ಅಂಕೋಲಾ ಬಳಿಯ ಬೇಲೆಕೇರಿ ಬಂದರಿನಿಂದ ಕಬ್ಬಿಣದ ಅದಿರು ಸಾಗಣೆ ನಿಂತು ಹದಿನೈದು ವರ್ಷ ಕಳೆಯಿತು. ಆದರೆ ಅಂಕೋಲಾ, ಕಾರವಾರ ಕಡೆಯ ಪತ್ತಿನ ಸಂಘಗಳ ಲೆಕ್ಕ ಪರಿಶೋಧನೆಗೆ ಕುಳಿತರೆ ಕಟಬಾಕಿ ಪಟ್ಟಿಯಲ್ಲಿ ಆ ಕಾಲದ ಲಾರಿ ಸಾಲಗಳು ಇವತ್ತಿಗೂ ಎದುರಾಗುತ್ತವೆ. ಸಾಲಗಾರನ ಹೆಸರಿನ ಪಕ್ಕದಲ್ಲಿ ಇನ್ನೊಂದು ಕಾಲಂ ಇರುತ್ತದೆ. ಅದು ಜಾಮೀನುದಾರರದ್ದು. ಊರಿನ ದುಡಿಮೆ ಬಿದ್ದಾಗ ಪೇಟೆಯಲ್ಲಿ ಬಾಗಿಲು ಹಾಕಿದ ಅಂಗಡಿಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಈ ಕಾಲಂನಲ್ಲಿರುವವರ ಕಷ್ಟ ಯಾರಿಗೂ ಕಾಣುವುದಿಲ್ಲ.

ಚೀನಾದ ಉಕ್ಕಿನ ಕಾರ್ಖಾನೆಗಳು ಹೇಳಿದ ಬೆಲೆಗೆ ಅದಿರು ಕೊಳ್ಳುತ್ತಿದ್ದ ವರ್ಷಗಳವು. ಬಳ್ಳಾರಿ, ಹೊಸಪೇಟೆ, ಸಂಡೂರಿನ ಲಾರಿಗಳು ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಸುಂಕಸಾಳದ ಮೇಲೆ ಹಾದು ಬಾಳೆಗುಳಿಯಲ್ಲಿ ಕರಾವಳಿ ಹೆದ್ದಾರಿ ಸೇರುತ್ತಿದ್ದವು. ಘಟ್ಟದಲ್ಲಿ ಒಂದು ಗಾಡಿ ಕೆಟ್ಟು ನಿಂತರೆ ಹಿಂದೆ ಮೈಲಿಗಟ್ಟಲೆ ಸಾಲು. ರಸ್ತೆಯುದ್ದಕ್ಕೂ ಊಟದ ಹೋಟೆಲು, ಪಂಕ್ಚರ್ ಅಂಗಡಿ, ಗ್ಯಾರೇಜು ಎದ್ದವು. ಗದ್ದೆ ಬೇಸಾಯ ಮಾಡಿಕೊಂಡಿದ್ದವರ, ದೋಣಿಗೆ ಹೋಗುತ್ತಿದ್ದವರ ಮಕ್ಕಳು ಕ್ಲೀನರ್ ಆಗಿ ಸೇರಿ, ಡ್ರೈವರ್ ಆಗಿ, ಆಮೇಲೆ ಸಾಲ ಮಾಡಿ ಸ್ವಂತ ಗಾಡಿ ಇಳಿಸಿದರು. ಅದರಲ್ಲಿ ದುರಾಸೆಯೇನೂ ಇರಲಿಲ್ಲ. ಕೈಗೆ ಸಿಕ್ಕ ಮೊದಲ ಒಳ್ಳೆಯ ದುಡಿಮೆಯನ್ನು ಅವರು ಹಿಡಿದುಕೊಂಡರು, ಅಷ್ಟೆ.

ಅಕ್ರಮ ಗಣಿಗಾರಿಕೆಯ ಗಲಾಟೆ ಮೇಲೆದ್ದು 2010ರ ಜುಲೈನಲ್ಲಿ ರಾಜ್ಯ ಸರಕಾರ ರಫ್ತು ನಿಲ್ಲಿಸಿತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಆ ತಡೆ ಬೇಕಾಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. 2013ರಲ್ಲಿ ಕೆಲವು ಗಣಿಗಳು ತೆರೆದರೂ ರಫ್ತಿಗೆ ಒಪ್ಪಿಗೆ ಸಿಕ್ಕಿದ್ದು 2022ರ ಮೇ ತಿಂಗಳಲ್ಲಿ. ಅದರ ಬೆನ್ನಲ್ಲೇ ಕೇಂದ್ರ ಸರಕಾರ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿತು. ಅಷ್ಟು ವರ್ಷ ಯಾವ ಲಾರಿಯ ಕಂತೂ ಕಾಯುತ್ತ ಕೂರಲಿಲ್ಲ.

ಈ ಕರಾವಳಿ ಇಂಥದ್ದನ್ನು ಹಿಂದೆಯೂ ಕಂಡಿದೆ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಸಿಗದಾದ ಕಾಲದಲ್ಲಿ, 1861ರಿಂದ 65ರವರೆಗೆ, ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾದಲ್ಲಿ ಹಡಗು ಹತ್ತುತ್ತಿತ್ತು. ಮುಂಬಯಿ ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಎಂದೇ ಹೆಸರು. ಮಾರ್ಮಗೋವಾಕ್ಕೆ ರೈಲು ಹಾಕಿದ ಮೇಲೆ ವ್ಯಾಪಾರ ಅತ್ತ ಹೋಯಿತು.

ಈಗ ಸಾಲದ ಲೆಕ್ಕಕ್ಕೆ ಬರೋಣ. ತಿಳಿಯಲಿ ಎಂದು ಒಂದು ಉದಾಹರಣೆ ಹಾಕುತ್ತೇನೆ. ಲಾರಿಗೆ 12 ಲಕ್ಷ ಸಾಲ, ಬಡ್ಡಿ ಶೇ. 13, ನಾಲ್ಕು ವರ್ಷದ ಅವಧಿ ಎಂದುಕೊಳ್ಳಿ. ತಿಂಗಳ ಕಂತು ಸುಮಾರು 32,200 ರೂಪಾಯಿ. ಹದಿನಾಲ್ಕು ಕಂತು ಸರಿಯಾಗಿ ಕಟ್ಟಿದವನಿಗೂ ಇನ್ನೂ 9 ಲಕ್ಷ ಬಾಕಿ ಇರುತ್ತದೆ, ಏಕೆಂದರೆ ಮೊದಲ ಕಂತುಗಳಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಡ್ಡಿಗೇ ಹೋಗುತ್ತದೆ. ಬಾಡಿಗೆ ನಿಂತ ತಿಂಗಳು ಎಲ್ಲರೂ ಒಟ್ಟಿಗೆ ಗಾಡಿ ಮಾರಲು ಹೊರಡುತ್ತಾರೆ, ಕೊಳ್ಳುವವರಿಲ್ಲ. ಸೀಜ್ ಆದ ಗಾಡಿ ಮಳೆಯಲ್ಲಿ ನಿಂತು ತುಕ್ಕು ಹಿಡಿದು ಹರಾಜಿನಲ್ಲಿ 4 ಲಕ್ಷಕ್ಕೆ ಹೋಯಿತು ಎನ್ನಿ. ಉಳಿದ 5 ಲಕ್ಷಕ್ಕೆ ಶೇ. 15ರ ಬಡ್ಡಿ ಹಾಕಿದರೆ, ಚಕ್ರಬಡ್ಡಿ ಇಲ್ಲದೆಯೂ ಏಳು ವರ್ಷದೊಳಗೆ ಅದು 10 ಲಕ್ಷ. ಅಷ್ಟರಲ್ಲಿ ಸಾಲಗಾರ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿರುತ್ತಾನೆ. ಸೊಸೈಟಿಯವರಿಗೆ ಊರಲ್ಲಿ ಸಿಗುವವರು ಜಾಮೀನುದಾರರು.

ಜಾಮೀನು ಹಾಕುವವರು ಯಾರು? ಸಂಬಳದ ಚೀಟಿ ಇರುವವರು. ಮಾಸ್ತರು, ಅಕ್ಕೋರು, ಪಂಚಾಯ್ತಿಯ ಬಿಲ್ ಕಲೆಕ್ಟರ್, ಬಸ್ ಕಂಡಕ್ಟರ್. ಅದಿರಿನಿಂದ ಒಂದು ರೂಪಾಯಿಯನ್ನೂ ಕಾಣದ ಮನೆಗಳು ಅವು. ಹೀಗೆ ಬಂದರಿನ ನಷ್ಟ ಬಂದರಿಗೂ ತಮಗೂ ಸಂಬಂಧವೇ ಇಲ್ಲದವರ ಅಡುಗೆಮನೆಗೆ ಬಂತು. ಮೊದಲು ಬಂಗಾರ ಅಡವಿಗೆ ಹೋಯಿತು, ಆಮೇಲೆ ಹೆಂಗಸರ ಸಂಘದ ಸಾಲ ಎತ್ತಿ ಹಳೆಯ ಬಡ್ಡಿ ಕಟ್ಟುವುದು ಶುರುವಾಯಿತು.

ತಂಗಿಯ ಮಗನ ಲಾರಿಗೆ ಸಹಿ ಹಾಕಿದ ನಿವೃತ್ತ ಮಾಸ್ತರೊಬ್ಬರು ನನ್ನ ಕಚೇರಿಗೆ ಬಂದಿದ್ದರು. ರಸೀದಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿ ತಂದಿದ್ದರು. ಮಸಿ ಹಾರಿ ಕೆಲವು ಬರೀ ಬಿಳಿ ಕಾಗದವಾಗಿದ್ದವು. ಅವುಗಳ ಹಿಂದೆ ಪೆನ್ಸಿಲಿನಲ್ಲಿ, ದುಂಡಗಿನ ಅಕ್ಷರದಲ್ಲಿ, ಮೊತ್ತ ಬರೆದಿಟ್ಟಿದ್ದರು. ಖಾತೆ ಉತಾರ ತರಿಸಿ ನೋಡಿದರೆ ಅವರು ಕಟ್ಟಿದ್ದೆಲ್ಲ ಬಡ್ಡಿಗೆ, ದಂಡಬಡ್ಡಿಗೆ ಜಮಾ ಆಗಿತ್ತು. ಅಸಲಿನಲ್ಲಿ ಒಂದು ಪೈಸೆಯೂ ಇಳಿದಿರಲಿಲ್ಲ. “ತಮಾ, ಹಾಗಾದರೆ ನಾ ಇಷ್ಟು ವರ್ಷ ಕಟ್ಟಿದ್ದು ಎಲ್ಲಿಗೆ ಹೋಯ್ತು?” ಎಂದು ಕೇಳಿದರು. ವಸೂಲಿಗೆ ಬಂದವರು “ಪಿಂಚಣಿ ನಿಲ್ಲಿಸ್ತೇವೆ” ಎಂದಿದ್ದಕ್ಕೆ ಹೆದರಿ ಪ್ರತಿ ತಿಂಗಳೂ ಪಿಂಚಣಿಯಿಂದಲೇ ಕಟ್ಟುತ್ತಿದ್ದರಂತೆ.

ಸರಕಾರಿ ಪಿಂಚಣಿಯನ್ನು ಇಂಥ ಸಾಲಕ್ಕೆ ಜಪ್ತಿ ಮಾಡಲು ಬರುವುದೇ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಅದಕ್ಕೆ ರಕ್ಷಣೆ ಕೊಟ್ಟಿದೆ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ.

ಜಾಮೀನು ಹಾಕಿದವರು ತಿಳಿದಿರಬೇಕಾದ್ದು ಇಷ್ಟು. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ನಿಮ್ಮ ಹೊಣೆ ಸಾಲಗಾರನ ಹೊಣೆಯಷ್ಟೇ. “ಮೊದಲು ಅವನನ್ನು ಕೇಳಿ” ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ ಅದೇ ಕಾಯ್ದೆ ನಿಮ್ಮ ಕಡೆಗೂ ಇದೆ. ಸಾಲಕ್ಕೆ ಅಡವಿದ್ದ ಗಾಡಿಯನ್ನು ಸಾಲ ಕೊಟ್ಟವರು ನಿಮ್ಮ ಒಪ್ಪಿಗೆಯಿಲ್ಲದೆ ಕೈಬಿಟ್ಟರೆ ಅಥವಾ ಕಳೆದುಕೊಂಡರೆ, ಅದರ ಬೆಲೆಯಷ್ಟು ನಿಮ್ಮ ಹೊಣೆ ಇಳಿಯುತ್ತದೆ (ಕಲಂ 141). ನಿಮ್ಮನ್ನು ಕೇಳದೆ ಸಾಲದ ಷರತ್ತು ಬದಲಿಸಿದ್ದರೆ, ಅಲ್ಲಿಂದ ಮುಂದಿನ ವ್ಯವಹಾರಕ್ಕೆ ನೀವು ಬಾಧ್ಯರಲ್ಲ (ಕಲಂ 133). ನೀವು ಕಟ್ಟಿದ್ದನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕೂ ನಿಮಗಿದೆ. ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಕೆಳಗೆ ದಾವೆಯ ನೋಟಿಸು ಬಂದರೆ ದಯವಿಟ್ಟು ಹೋಗಿ ಹಾಜರಾಗಿ. ನಾಚಿಕೆಗೆ ಬಿದ್ದು ಮನೆಯಲ್ಲಿ ಕೂತವರ ಮೇಲೆ ಏಕಪಕ್ಷೀಯ ತೀರ್ಪು ಬೀಳುತ್ತದೆ. ಆಮೇಲೆ ಈ ಯಾವ ಹಕ್ಕನ್ನೂ ಎತ್ತುವುದು ಕಷ್ಟ. ಕಟ್ಟುವಾಗ ಅಸಲಿಗೆ ಎಷ್ಟು ಜಮಾ ಮಾಡುತ್ತೀರಿ ಎಂದು ಬರಹದಲ್ಲಿ ಕೇಳಿ. ಒಟ್ಟು ಮೊತ್ತ ಕೊಡಲು ಸಾಧ್ಯವಿದ್ದರೆ ಚೂರುಚೂರು ಕಟ್ಟುವ ಬದಲು ಒಂದೇ ಸಲಕ್ಕೆ ಸಾಲ ಇತ್ಯರ್ಥ ಮಾಡುವ ಓಟಿಎಸ್‌ಗೆ ಅರ್ಜಿ ಹಾಕಿ. ಮಾಸ್ತರ ಸಾಲವೂ ಕೊನೆಗೆ ಹಾಗೇ ತೀರಿತು, ತಡವಾಗಿ.

ಈಗ ಅಂಕೋಲೆಯ ಕೇಣಿಯಲ್ಲಿ ದೊಡ್ಡ ಬಂದರಿನ ಯೋಜನೆ ಬಂದಿದೆ. ಮೀನುಗಾರರು ಅದನ್ನು ವಿರೋಧಿಸುತ್ತಿದ್ದಾರೆ, ಅವರ ಭಯಕ್ಕೆ ಕಾರಣವಿದೆ. ಬಂದರು ಆಗಲಿ, ಬಿಡಲಿ, ಟಿಪ್ಪರ್ ಸಾಲ ಸಿಗುತ್ತದೆಯೇ ಎಂದು ಜನ ಕೇಳುವುದು ಮಾತ್ರ ಆಗಲೇ ಶುರುವಾಗಿದೆ. ಹಾಗಾಗಿ ಸಂಘಗಳ ಆಡಳಿತ ಮಂಡಳಿಯವರಿಗೆ ನನ್ನ ವರದಿಯಲ್ಲಿ ಮೂರು ವಿಷಯ ಒತ್ತಿ ಬರೆಯುತ್ತೇನೆ. ಒಂದೇ ದಂಧೆಗೆ ಕೊಡುವ ಸಾಲಕ್ಕೆ ಮಿತಿ ಇರಲಿ. ಒಬ್ಬರೇ ನಾಲ್ಕಾರು ಸಾಲಗಳಿಗೆ ಜಾಮೀನು ನಿಂತಿದ್ದಾರೆಯೇ ಎಂದು ಮಂಜೂರಿಗೆ ಮೊದಲು ನೋಡಿ. ಕಂತು ತಪ್ಪಿದ ಮೊದಲ ತಿಂಗಳೇ ಜಾಮೀನುದಾರರಿಗೂ ಪತ್ರ ಹಾಕಿ. ಮೂರು ವರ್ಷ ಸುಮ್ಮನಿದ್ದು ಜಪ್ತಿ ನೋಟಿಸು ಕಳಿಸಿದರೆ ಅವರ ಕೈಯಲ್ಲಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಮೊದಲ ತಿಂಗಳಲ್ಲಾದರೆ ಗಾಡಿಗೆ ಇನ್ನೂ ಬೆಲೆ ಇರುತ್ತದೆ, ಹುಡುಗನೂ ಊರಲ್ಲೇ ಇರುತ್ತಾನೆ.