ಆಳದ ಲೋಹ ಹುಡುಕಲು ಯಾವ ಮೆಷಿನ್ ತಗೋಬೇಕು?

"ಸರ್, ಈ ಮೆಷಿನ್ ಎಷ್ಟು ಅಡಿ ಆಳ ನೋಡುತ್ತೆ?"

ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಶುರುವಾಗುವುದೇ ಹೀಗೆ. ನೆಲದಡಿ ಹೂತುಹೋದ ಪೈಪು, ವಾಲ್ವು, ತೊಟ್ಟಿಯ ಮುಚ್ಚಳ, ಗಡಿಗೆ ನೆಟ್ಟ ಕಬ್ಬಿಣದ ಗೂಟ, ಯಾವಾಗಲೋ ಹೂತಿಟ್ಟು ಜಾಗ ಮರೆತ ಪೆಟ್ಟಿಗೆ, ಇಂಥವನ್ನು ಹುಡುಕಿಕೊಡುವುದು ನನ್ನ ಕೆಲಸ. ಅವರ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನಾನೇ ಒಂದು ಕೇಳುತ್ತೇನೆ. ನೀವು ಹುಡುಕುತ್ತಿರುವ ವಸ್ತು ಎಷ್ಟು ದೊಡ್ಡದು, ಯಾವ ಲೋಹದ್ದು? ಇದು ಗೊತ್ತಾಗದೆ ಇಂಥ ಮೆಷಿನ್ ತಗೊಳ್ಳಿ ಅಂತ ಹೇಳೋಕೆ ಆಗುವುದೇ ಇಲ್ಲ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೆಟಲ್ ಡಿಟೆಕ್ಟರಿನ ಕಾಯಿಲ್, ಅಂದರೆ ತುದಿಯಲ್ಲಿರುವ ತಂತಿಯ ಸುರುಳಿ, ನೆಲದೊಳಗೆ ಒಂದು ಕಾಂತಕ್ಷೇತ್ರ ಕಳಿಸುತ್ತದೆ. ಅದು ಲೋಹಕ್ಕೆ ತಾಗಿದಾಗ ಲೋಹದಲ್ಲಿ ಸಣ್ಣ ಕರೆಂಟ್ ಸುತ್ತುತ್ತದೆ, ಆ ಕರೆಂಟು ತನ್ನದೇ ಇನ್ನೊಂದು ಪುಟ್ಟ ಕ್ಷೇತ್ರ ಹುಟ್ಟಿಸುತ್ತದೆ, ಕಾಯಿಲ್ ಕೇಳಿಸಿಕೊಳ್ಳುವುದು ಅದನ್ನೇ. ಕ್ಷೇತ್ರ ಹೋಗುವಾಗಲೂ ಸೊರಗುತ್ತದೆ, ವಾಪಸ್ ಬರುವಾಗಲೂ ಸೊರಗುತ್ತದೆ. ಕಾಯಿಲ್‌ನ ಅಗಲಕ್ಕಿಂತ ಆಳ ಚೆನ್ನಾಗಿ ಜಾಸ್ತಿಯಾದ ಮೇಲೆ, ದೂರ ಎರಡು ಪಟ್ಟಾದರೆ ಹೋಗುವ ದಾರಿಯಲ್ಲಿ ಬಲ ಎಂಟರಲ್ಲೊಂದು ಪಾಲು, ಬರುವ ದಾರಿಯಲ್ಲಿ ಮತ್ತೆ ಎಂಟರಲ್ಲೊಂದು ಪಾಲು. ಒಟ್ಟಿಗೆ 64ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಕಂಪನಿಯವರು ಕಷ್ಟಪಟ್ಟು ಸಿಗ್ನಲ್ಲಿನ ಬಲವನ್ನು ಎರಡು ಪಟ್ಟು ಮಾಡಿದರು ಅಂತಿಟ್ಟುಕೊಳ್ಳಿ. ನಿಮಗೆ ಸಿಗುವ ಹೆಚ್ಚುವರಿ ಆಳ ನೂರಕ್ಕೆ 12ರಷ್ಟು. 25 ಸೆಂಟಿಮೀಟರಿನಲ್ಲಿ ಕೇಳಿಸುತ್ತಿದ್ದದ್ದು 28ರಲ್ಲಿ ಕೇಳಿಸುತ್ತದೆ, ಅಷ್ಟೇ. ಆದರೆ ನೆಲದೊಳಗಿನ ವಸ್ತುವೇ ಉದ್ದ, ಅಗಲ, ದಪ್ಪದಲ್ಲಿ ಎರಡು ಪಟ್ಟು ಇದ್ದರೆ ಆಳ ಸುಮಾರು ನೂರಕ್ಕೆ 40ರಷ್ಟು ಜಾಸ್ತಿಯಾಗುತ್ತದೆ. ಇಷ್ಟು ಅಡಿ ಆಳ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು ಎಷ್ಟೋ ಸಲ ಬಾಗಿಲಷ್ಟು ಅಗಲದ ತಗಡನ್ನು ಗಾಳಿಯಲ್ಲಿ ಹಿಡಿದು ಅಳೆದದ್ದು. ಮಣ್ಣಿನ ಪರೀಕ್ಷೆ ಅಲ್ಲ, ನಾಣ್ಯದ ಪರೀಕ್ಷೆಯಂತೂ ಅಲ್ಲವೇ ಅಲ್ಲ. ನಾಣ್ಯ, ಉಂಗುರದಂಥ ಸಣ್ಣ ವಸ್ತುವಿಗೆ ಕಾಯಿಲ್‌ನ ಅಗಲ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಆಳ ಅಂತ ಇಟ್ಟುಕೊಳ್ಳಿ. ಒಂದು ಗೇಣು, ಸ್ವಲ್ಪ ಮೇಲೆ. ಮೀಟರುಗಟ್ಟಲೆ ಕೆಳಗಿರುವ ಒಂಟಿ ನಾಣ್ಯವನ್ನು ಯಾವ ಮೆಷಿನ್ನೂ ಹುಡುಕುವುದಿಲ್ಲ.

ಒಂದು ಕೆಲಸದ ಕಥೆ ಹೇಳುತ್ತೇನೆ. ಒಬ್ಬರು ಹಳೇ ತೊಟ್ಟಿಯ ಕಬ್ಬಿಣದ ಮುಚ್ಚಳ ಹುಡುಕುತ್ತಿದ್ದರು. ಮೇಲೆ ಮಣ್ಣು ತುಂಬಿಸಿ ಅಂಗಳ ಏರಿಸಿದ್ದರಿಂದ ಮುಚ್ಚಳ ಒಂದು ಮೀಟರಿಗೂ ಕೆಳಗೆ ಹೋಗಿತ್ತು. ನಾಣ್ಯ ಹುಡುಕುವ ಒಳ್ಳೆಯ ಮೆಷಿನ್ನೇ ಕೊಂಡಿದ್ದರು. ಎರಡು ದಿನ ಗುದ್ದಲಿ ಹಿಡಿದು ಅಗೆದದ್ದರ ಫಲ ಒಂದು ಬಕೆಟ್ ತುಂಬ ಮೊಳೆ, ಬಾಟಲಿ ಮುಚ್ಚಳ, ತಂತಿಯ ತುಂಡು. ಪಾಪ, ಕೈಯೆಲ್ಲ ಬೊಬ್ಬೆ ಎದ್ದಿತ್ತು. ಮೆಷಿನ್ ಕೆಟ್ಟದ್ದಲ್ಲ, ಮೇಲಿನ ಒಂದು ಗೇಣಿನಲ್ಲಿ ಇರುವುದನ್ನೆಲ್ಲ ಚಾಚೂ ತಪ್ಪದೆ ಹೇಳುತ್ತಿತ್ತು. ಅವರಿಗೆ ಬೇಕಿದ್ದದ್ದು ಆ ಒಂದು ಗೇಣಿನ ಕಸವನ್ನು ಕಂಡೂ ಕಾಣದಂತೆ ದಾಟಿಹೋಗುವ ಮೆಷಿನ್.

ಅಂಥದ್ದು ಇದೆ, ಅದಕ್ಕೆ ಟೂ ಬಾಕ್ಸ್ ಅನ್ನುತ್ತಾರೆ. ಒಂದು ಮೀಟರ್ ಆಸುಪಾಸಿನ ಕೋಲು, ಒಂದು ತುದಿಯಲ್ಲಿ ಕಳಿಸುವ ಪೆಟ್ಟಿಗೆ, ಇನ್ನೊಂದು ತುದಿಯಲ್ಲಿ ಕೇಳುವ ಪೆಟ್ಟಿಗೆ. ಎರಡರ ನಡುವೆ ಅಷ್ಟು ದೂರ ಇರುವುದರಿಂದ ಮೊಳೆ, ನಾಣ್ಯ ಇದಕ್ಕೆ ಕಾಣಿಸುವುದೇ ಇಲ್ಲ. ಅಂಗೈಗಿಂತ ದೊಡ್ಡದು ಬೇಕು. ಕೈಯಲ್ಲಿ ಹಿಡಿದು ನೇರ ಸಾಲಿನಲ್ಲಿ ನಡೆಯುತ್ತಾ ಹೋಗಬೇಕು, ಬೀಸುವಂತಿಲ್ಲ. ಆ ಅಂಗಳದಲ್ಲಿ ಮೂರನೇ ಸಾಲು ನಡೆಯುವಾಗ ಹೆಡ್‌ಫೋನಿನಲ್ಲಿ ಸದ್ದು ಮೆಲ್ಲಗೆ ಏರತೊಡಗಿತು. ಟಿಕ್ ಅಂತ ಬಂದು ಹೋಗುವ ಸದ್ದಲ್ಲ. ಎರಡು ಹೆಜ್ಜೆ ಏರಿ, ಒಂದು ಹೆಜ್ಜೆ ನಿಂತು, ಮತ್ತೆ ಎರಡು ಹೆಜ್ಜೆ ಇಳಿಯಿತು. ಆಳದಲ್ಲಿರುವ ದೊಡ್ಡ ವಸ್ತುವಿನ ಸದ್ದು ಹೀಗೇ ಅಗಲವಾಗಿ, ನಿಧಾನವಾಗಿ ಬರುತ್ತದೆ. ಒಂದು ಸಲ ಕೇಳಿದರೆ ಮರೆಯುವುದಿಲ್ಲ.

ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವುದು ವಿಎಲ್‌ಎಫ್, ಅಂದರೆ ತೀರಾ ಕಡಿಮೆ ಫ್ರೀಕ್ವೆನ್ಸಿಯ ಮೆಷಿನ್. ಹೆಚ್ಚಿನವು 3ರಿಂದ 30 ಕಿಲೋಹರ್ಟ್ಸ್ ಒಳಗೆ ಕೆಲಸ ಮಾಡುತ್ತವೆ. ಕಡಿಮೆ ಫ್ರೀಕ್ವೆನ್ಸಿ ತಾಮ್ರ, ಬೆಳ್ಳಿಯ ದೊಡ್ಡ ವಸ್ತುಗಳಿಗೆ ಒಗ್ಗುತ್ತದೆ, ಹೆಚ್ಚಿನದು ಸಣ್ಣ ಚಿನ್ನದ ಚೂರಿಗೆ. ಇದರ ದೊಡ್ಡ ಗುಣ ಅಂದರೆ ಕಬ್ಬಿಣ ಯಾವುದು, ಬೇರೆ ಲೋಹ ಯಾವುದು ಅಂತ ಬೇರ್ಪಡಿಸಿ ಹೇಳುವುದು. ಆದರೆ ಆಳದಲ್ಲಿ ಆ ಗುಣವನ್ನು ನಂಬಬೇಡಿ. ಸಿಗ್ನಲ್ ಕ್ಷೀಣವಾದಂತೆ ಮಣ್ಣಿನ ಗದ್ದಲ ಅದರೊಳಗೆ ಬೆರೆತು ಒಳ್ಳೆಯ ತಾಮ್ರವನ್ನೂ ಕಬ್ಬಿಣ ಅಂತ ತೋರಿಸಿಬಿಡುತ್ತದೆ. ಆಳ ಹುಡುಕುವಾಗ ನಾನು ಡಿಸ್ಕ್ರಿಮಿನೇಷನ್, ಅಂದರೆ ಈ ಬೇರ್ಪಡಿಸುವ ಗುಣವನ್ನು ಪೂರ್ತಿ ಆಫ್ ಮಾಡಿ, ಎಲ್ಲ ಲೋಹಕ್ಕೂ ಸದ್ದು ಕೊಡುವ ಆಲ್ ಮೆಟಲ್‌ನಲ್ಲಿಟ್ಟು, ಕಿವಿಯನ್ನೇ ನಂಬುತ್ತೇನೆ.

ಮಣ್ಣಿನ ಮಾತು ಬಂತಲ್ಲ. ಕೆಂಪು ಮಣ್ಣು, ಜಂಬಿಟ್ಟಿಗೆ ನೆಲ, ಕಪ್ಪು ಮರಳು, ಇವುಗಳಲ್ಲಿ ಕಬ್ಬಿಣದ ಅದಿರಿನ ಕಣಗಳು ಜಾಸ್ತಿ. ವಿಎಲ್‌ಎಫ್ ಒಂದೇ ಹೊತ್ತಿನಲ್ಲಿ ಕಳಿಸುತ್ತಾ ಕೇಳುತ್ತಾ ಇರುವುದರಿಂದ ಈ ಕಣಗಳ ಸದ್ದು ಅದರ ಕಿವಿ ಮುಚ್ಚುತ್ತದೆ, ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ಮೆಷಿನ್ನನ್ನು ಆ ಮಣ್ಣಿಗೆ ಹೊಂದಿಸಿದರೂ ಆಳ ಕಡಿಮೆಯಾಗುತ್ತದೆ. ಇಲ್ಲಿ ಪಲ್ಸ್ ಇಂಡಕ್ಷನ್, ಅಂದರೆ ಪಿಐ ಮೆಷಿನ್ ಗೆಲ್ಲುತ್ತದೆ. ಅದು ಕರೆಂಟನ್ನು ತಟ್ಟನೆ ಕಳಿಸಿ ತಟ್ಟನೆ ನಿಲ್ಲಿಸುತ್ತದೆ, ಕೆಲವು ಮೈಕ್ರೋಸೆಕೆಂಡು ಕಾದು ಆಮೇಲೆ ಕೇಳುತ್ತದೆ. ಅಷ್ಟರಲ್ಲಿ ಮಣ್ಣಿನ ಸದ್ದಿನ ಹೆಚ್ಚಿನ ಪಾಲು ಅಡಗಿರುತ್ತದೆ, ಲೋಹದೊಳಗಿನ ಕರೆಂಟ್ ಇನ್ನೂ ಸುತ್ತುತ್ತಿರುತ್ತದೆ. ಉಪ್ಪಿನ ಒದ್ದೆ ಮರಳಿನಲ್ಲೂ ಇದೇ ಒಳ್ಳೆಯದು. ಬೆಲೆ ತೆರುವುದು ಬೇರೆ ಕಡೆ: ಮೊಳೆಗೂ ಕೂಗುತ್ತದೆ, ಬಂಗಾರಕ್ಕೂ ಕೂಗುತ್ತದೆ, ಬೇರ್ಪಡಿಸುವ ಶಕ್ತಿ ತೀರಾ ಕಮ್ಮಿ. ಕಸ ತುಂಬಿದ ಜಾಗಕ್ಕೆ ಪಿಐ ತಂದರೆ ಅಗೆದೂ ಅಗೆದೂ ಸಾಕಾಗಿಬಿಡುತ್ತದೆ. ಆದರೆ ಒಂದು ಮೀಟರ್ ಚೌಕದ ಫ್ರೇಮ್ ಕಾಯಿಲ್ ಹಾಕಿ ಇಬ್ಬರು ಹಿಡಿದು ನಡೆದರೆ ಸಣ್ಣಪುಟ್ಟದ್ದೆಲ್ಲ ತಾನಾಗಿ ಬಿಟ್ಟುಹೋಗುತ್ತದೆ.

ಕಾಯಿಲ್ ದೊಡ್ಡದಾದಷ್ಟೂ ಒಳ್ಳೆಯದು ಅನ್ನುವುದು ಅರ್ಧ ಸತ್ಯ. ದೊಡ್ಡ ಕಾಯಿಲ್ ದೊಡ್ಡ ವಸ್ತುವನ್ನು ಆಳದಲ್ಲಿ ಹಿಡಿಯುತ್ತದೆ, ಜೊತೆಗೆ ಜಾಸ್ತಿ ಮಣ್ಣನ್ನೂ ನೋಡುತ್ತದೆ, ಸಣ್ಣದನ್ನು ಬಿಟ್ಟುಬಿಡುತ್ತದೆ. ಉಂಗುರ ಕಳೆದವರು ಸುಮ್ನೆ ದೊಡ್ಡ ಕಾಯಿಲ್ ತಗೊಂಡು ದುಡ್ಡು ಕಳೆಯಬೇಡಿ.

ನೀವು ಹುಡುಕುವುದು ಕಬ್ಬಿಣವೇ, ಅದೂ ಡ್ರಮ್ಮು, ಪೆಟ್ಟಿಗೆ, ಕೊಳವೆಯಂಥದ್ದು ಅಂತ ಖಚಿತವಾಗಿ ಗೊತ್ತಿದ್ದರೆ ಡಿಟೆಕ್ಟರನ್ನೇ ಬಿಟ್ಟು ಮ್ಯಾಗ್ನೆಟೋಮೀಟರ್ ಯೋಚಿಸಿ. ಅದು ತಾನಾಗಿ ಏನನ್ನೂ ಕಳಿಸುವುದಿಲ್ಲ. ಭೂಮಿಯ ಕಾಂತಕ್ಷೇತ್ರವನ್ನು ಕಬ್ಬಿಣ ಎಲ್ಲಿ ಕದಡಿದೆ ಅಂತ ನೋಡುತ್ತದೆ. ಹೋಗುವ ದಾರಿಯೇ ಇಲ್ಲದ್ದರಿಂದ ಆಳ ಎರಡು ಪಟ್ಟಾದರೂ ಸಿಗ್ನಲ್ ಎಂಟರಲ್ಲೊಂದು ಪಾಲು ಉಳಿಯುತ್ತದೆ, 64ರಲ್ಲೊಂದಲ್ಲ. ಚಿನ್ನ, ಬೆಳ್ಳಿ, ಹಿತ್ತಾಳೆ ಇದಕ್ಕೆ ಕಾಣಿಸುವುದೇ ಇಲ್ಲ, ಅದು ನೆನಪಿರಲಿ.

ಇನ್ನು ದಯವಿಟ್ಟು ಹತ್ತಿರಕ್ಕೂ ಹೋಗಬೇಡಿ ಅನ್ನುವುದು ಒಂದಿದೆ. ಹಿಡಿಕೆಗೆ ಒಂದು ಆಂಟೆನಾ ಕಡ್ಡಿ, ನೂರಾರು ಮೀಟರ್ ದೂರದ ಬಂಗಾರದ ಕಡೆಗೆ ತಾನೇ ತಿರುಗುತ್ತದೆ ಅನ್ನುವ ಮೆಷಿನ್. ಕೈ ಒಂಚೂರು ವಾಲಿದರೂ ಕಡ್ಡಿ ತಿರುಗುತ್ತದೆ, ನಿಮ್ಮ ಆಸೆ ಇರುವ ಕಡೆಗೇ ತಿರುಗುತ್ತದೆ. ಇದೇ ಮಾದರಿಯ ಎಡಿಇ 651 ಅನ್ನುವುದನ್ನು ಬಾಂಬ್ ಪತ್ತೆಗೆ ಅಂತ ಇರಾಕಿಗೆ ಮಾರಿದ್ದರು. ಕೆಲಸ ಮಾಡುವಂಥದ್ದು ಅದರೊಳಗೆ ಏನೂ ಇರಲಿಲ್ಲ. ಅದನ್ನು ನಂಬಿ ಚೆಕ್‌ಪೋಸ್ಟಿನಲ್ಲಿ ನಿಂತವರ ಪ್ರಾಣದ ಪ್ರಶ್ನೆ ಅದು. ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಬ್ರಿಟನ್ನಿನ ಕೋರ್ಟು 10 ವರ್ಷ ಜೈಲು ಹಾಕಿತು. ಈಗಲೂ ನಿಧಿ ಹುಡುಕುವವರಿಗೆ ಅಂಥವನ್ನೇ ಮಾರುತ್ತಾರೆ. ಹೊಲ ಅಡವಿಟ್ಟು ಕೊಂಡವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಕೊಳ್ಳುವ ಮೊದಲು ನಿಮ್ಮ ಮಣ್ಣಿನಲ್ಲೇ ಪರೀಕ್ಷೆ ಮಾಡಿ. ಹುಡುಕುವ ವಸ್ತುವಿನಷ್ಟೇ ದೊಡ್ಡದು, ಅದೇ ಲೋಹದ್ದು ಒಂದನ್ನು ಟೇಪು ಹಿಡಿದು ಅಳತೆಯ ಆಳದಲ್ಲಿ ಹೂಳಿ. ಆಳ ಹೆಚ್ಚಿಸುತ್ತಾ ಹೋಗಿ, ಎಲ್ಲಿ ಸದ್ದು ನಿಲ್ಲುತ್ತದೋ ಬರೆದಿಡಿ. ಇದಕ್ಕೆ ಒಪ್ಪದ ಮಾರಾಟಗಾರರಿಂದ ಕೊಳ್ಳಬೇಡಿ. ಪರೀಕ್ಷೆ ಮಾಡುವಾಗ ಕಬ್ಬಿಣದ ಮೂತಿಯ ಬೂಟು ಬಿಚ್ಚಿ, ಸಲಿಕೆ ದೂರ ಇಡಿ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡೇಟು ಬಿದ್ದಾಗ ಒಳಗಿದ್ದ ಗುಂಡು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದ್ದೇ ಯಂತ್ರ ತಂದಿದ್ದರು. ಹಾಸಿಗೆಯೊಳಗಿನ ಸ್ಟೀಲ್ ಸ್ಪ್ರಿಂಗುಗಳು ಸದ್ದನ್ನು ಕೆಡಿಸಿದವು, ಗುಂಡು ಸಿಗಲಿಲ್ಲ.

ಸಿಗ್ನಲ್ ಬಂದ ಮೇಲೆ ಆಳದ್ದೋ ಮೇಲಿನದ್ದೋ ಅಂತ ತಿಳಿಯಲು ಸುಲಭದ ಉಪಾಯ ಇದೆ. ಕಾಯಿಲನ್ನು ಹತ್ತು ಸೆಂಟಿಮೀಟರ್ ಮೇಲೆತ್ತಿ. ಸದ್ದು ಥಟ್ಟನೆ ಸತ್ತರೆ ಅದು ಮೇಲಿನ ಸಣ್ಣ ಚೂರು. ಸ್ವಲ್ಪವೇ ತಗ್ಗಿ ಅಗಲವಾಗಿ ಉಳಿದರೆ ಕೆಳಗೆ ದೊಡ್ಡದು ಏನೋ ಇದೆ.

ಆಗಲೂ ಗಡಿಬಿಡಿ ಬೇಡ. ಜಾಗದ ಮಾಲೀಕರ ಒಪ್ಪಿಗೆ ಮೊದಲು, ಕೆಳಗೆ ಕರೆಂಟಿನ ಕೇಬಲ್ಲೋ ಗ್ಯಾಸ್ ಪೈಪೋ ಹೋಗಿದೆಯಾ ಅಂತ ಆಮೇಲೆ. ಹಳೆಯ ವಸ್ತು ಅನ್ನಿಸಿದರೆ ಅಲ್ಲೇ ನಿಲ್ಲಿಸಿ. 1992ರಲ್ಲಿ ಇಂಗ್ಲೆಂಡಿನ ಹಾಕ್ಸನ್ ಹಳ್ಳಿಯಲ್ಲಿ ಕಳೆದುಹೋದ ಸುತ್ತಿಗೆ ಹುಡುಕುತ್ತಿದ್ದ ಒಬ್ಬರಿಗೆ ರೋಮನ್ ಕಾಲದ ನಿಧಿ ಸಿಕ್ಕಿತು, ಸುಮಾರು 15,000 ನಾಣ್ಯ. ಅವರು ಪೂರ್ತಿ ಅಗೆಯದೆ ಸುದ್ದಿ ಕೊಟ್ಟಿದ್ದರಿಂದ ಪೆಟ್ಟಿಗೆಯೊಳಗೆ ಏನನ್ನು ಎಲ್ಲಿ ಜೋಡಿಸಿದ್ದರು ಅನ್ನುವುದೂ ಪುರಾತತ್ವದವರಿಗೆ ತಿಳಿಯಿತು. ನೀವೇ ಅಗೆಯುವುದಾದರೆ ಗುಂಡಿ ಸೊಂಟದ ಮಟ್ಟ ದಾಟಿದ ಮೇಲೆ ಗೋಡೆಗೆ ಆಸರೆ ಕೊಡದೆ ಒಳಗೆ ಇಳಿಯಬೇಡಿ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ ತೂಗುತ್ತದೆ, ಕುಸಿಯುವ ಮೊದಲು ಅದು ಸದ್ದು ಮಾಡುವುದಿಲ್ಲ.