ವೀಲ್ ಸಿಲಿಂಡರ್ ಲೀಕ್: ಕಿಟ್ ಸಾಕಾ, ಸಿಲಿಂಡರೇ ಬೇಕಾ?

ಪ್ರಶ್ನೆ: ಮಲ್ಪೆಯಿಂದ ಮೀನು ಸಾಗಿಸುವ ಪಿಕಪ್. ಹಿಂದಿನ ಎಡ ಚಕ್ರದ ಒಳಬದಿಯಲ್ಲಿ ಬ್ರೇಕ್ ಆಯಿಲ್ ಜಿನುಗುತ್ತಿದೆ. ರಬ್ಬರ್ ಕಿಟ್ ಹಾಕಿದರೆ ಸಾಕು ಅನ್ನುತ್ತಾರೆ. ಹೌದಾ?

ಸಾಲದು. ವೀಲ್ ಸಿಲಿಂಡರನ್ನೇ (ಬ್ರೇಕ್ ಆಯಿಲ್ ಒತ್ತಡಕ್ಕೆ ಪಿಸ್ಟನ್ ಸರಿದು ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ಭಾಗ) ಬದಲಿಸಿ, ಎರಡೂ ಬದಿಯದ್ದು. ಪ್ರತಿ ಮಳೆಗಾಲಕ್ಕೂ ಇದೇ ಪ್ರಶ್ನೆ, ಇದೇ ಉತ್ತರ. ಆದರೂ ‘ಎಮರಿ ಪೇಪರ್ ಹೊಡೆದು ಕಿಟ್ ಹಾಕಿದರೆ ಹೊಸದರ ಹಾಗೆ’ ಎಂಬ ಮಾತು ಬಂದರಿನಿಂದ ಮಂಗಳೂರಿನ ಬೈಕಂಪಾಡಿಯವರೆಗೆ ಇನ್ನೂ ಓಡಾಡಿಕೊಂಡೇ ಉಂಟು.

ಕಿಟ್‌ನಲ್ಲಿ ಬರುವುದೆಂತ? ಎರಡು ಕಪ್ (ಆಯಿಲ್ ಹೊರಬಾರದಂತೆ ತಡೆಯುವ ರಬ್ಬರ್), ಎರಡು ಡಸ್ಟ್ ಬೂಟ್ (ಸಿಲಿಂಡರಿನ ತುದಿಗೆ ಹಾಕುವ ರಬ್ಬರ್ ಮುಚ್ಚಳ), ಕೆಲವದರಲ್ಲಿ ಒಂದು ಸ್ಪ್ರಿಂಗ್. ಕೆಟ್ಟದ್ದು ಬರೀ ರಬ್ಬರ್ ಆಗಿದ್ದರೆ ಅಷ್ಟು ಸಾಕಿತ್ತು. ಆದರೆ ಮೀನಿನ ಗಾಡಿಯಲ್ಲಿ ಐಸ್ ಕರಗಿದ ಉಪ್ಪುನೀರು ಹಗಲೂ ರಾತ್ರಿ ಹಿಂದಿನ ಆಕ್ಸೆಲ್ ಮೇಲೆ ಸುರಿಯುತ್ತದೆ. ಬೂಟ್ ಒಂದು ಕಡೆ ಬಿರುಕುಬಿಟ್ಟರೆ ಸಾಕು, ಆ ನೀರು ಪಿಸ್ಟನ್ ಹಿಂದೆ ಸೇರುತ್ತದೆ. ಒಳಗಿನಿಂದಲೂ ಕಾಟ ತಪ್ಪಿದ್ದಲ್ಲ: ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವ ಹೀರುವ ಬ್ರೇಕ್ ಆಯಿಲ್‌ಗಳು, ನಮ್ಮ ಕರಾವಳಿಯಲ್ಲಿ ತೇವಕ್ಕೇನು ಬರ! ಆ ನೀರು ಸಿಲಿಂಡರಿನ ತಳಭಾಗದಲ್ಲಿ ತಂಗಿ ಲೋಹವನ್ನು ಕೊರೆಯುತ್ತದೆ. ಪಿಸ್ಟನ್ ಹೊರತೆಗೆದು, ಒಳಗೋಡೆ ಒರೆಸಿ, ಟಾರ್ಚ್ ಹಿಡಿದು ನೋಡಿ. ಕೆಳಬದಿಯಲ್ಲಿ ಸಾಸಿವೆ ಗಾತ್ರದ ಕಪ್ಪು ಗುಳಿಗಳು ಕಂಡರೆ ಲೀಕಿನ ದಾರಿ ಅದೇ.

ಎಮರಿ ಪೇಪರ್ ಗುಳಿಯ ಸುತ್ತಲಿನ ಲೋಹವನ್ನು ಉಜ್ಜುತ್ತದೆಯೇ ಹೊರತು ಗುಳಿಯನ್ನು ತುಂಬಿಸುವುದಿಲ್ಲ. ಗುಳಿ ಮಾಯವಾಗುವಷ್ಟು ಉಜ್ಜಿದರೆ ಒಳಗಿನ ಅಳತೆ ದೊಡ್ಡದಾಗಿ ಕಪ್ ಸಡಿಲ. ಅಷ್ಟು ಉಜ್ಜದಿದ್ದರೆ ಗುಳಿಯ ಅಂಚು ಹೊಸ ಕಪ್‌ನ ತುಟಿಯನ್ನು ಕೊಯ್ಯುತ್ತದೆ. ಅಲ್ಯೂಮಿನಿಯಂ ಸಿಲಿಂಡರ್ ಆದರಂತೂ ಆನೋಡೈಸ್ ಮಾಡಿದ ಗಟ್ಟಿ ಪದರವೇ ಹೋಗುತ್ತದೆ. ‘ಹಿಂದೆಲ್ಲ ಕಿಟ್ಟಲ್ಲೇ ಓಡಿಸಿದ್ದೇವೆ’ ಅನ್ನುವವರೇ, ಓಡಿಸುವುದು ಬಿಡಿ, ಲೋಡ್ ಹಾಕಿ ಶಿರಾಡಿ ಘಾಟಿ ಇಳಿಯಬೇಕಲ್ಲ! ಕಿಟ್ಟಿಗೂ ಸಿಲಿಂಡರಿಗೂ ಇರುವ ಬೆಲೆಯ ಅಂತರ ಒಂದು ಟ್ಯಾಂಕ್ ಡೀಸೆಲಿನ ಹತ್ತಿರವೂ ಬರುವುದಿಲ್ಲ ಮಾರಾಯ್ರೆ.

ಅಂಗಡಿಯಲ್ಲಿ ಗಾಡಿಯ ಹೆಸರು ಮಾತ್ರ ಹೇಳಬೇಡಿ, ಹಳೆ ಸಿಲಿಂಡರಿನ ಒಳವ್ಯಾಸದ ಅಳತೆಯನ್ನೂ ಹೋಲಿಸಿ. 19.05 ಮಿ.ಮೀ. ಇದ್ದಲ್ಲಿಗೆ 22.22ರದ್ದು ಹಾಕಿದರೆ ಅದೇ ಒತ್ತಡಕ್ಕೆ ಶೂ ತಳ್ಳುವ ಬಲ ಸುಮಾರು 36% ಹೆಚ್ಚಾಗಿ, ಹಿಂದಿನ ಚಕ್ರ ಬೇಗ ಲಾಕ್ ಆಗುತ್ತದೆ.

ಇನ್ನು ಬದಲಿಸುವ ಕೆಲಸ. ಸಿಲಿಂಡರಿಗೆ ಬರುವ ಬ್ರೇಕ್ ಪೈಪಿನ ನಟ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಹೊಡೆದಿಡಿ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಆಕ್ಸೆಲ್ ಕೆಳಗೆ ಸ್ಟ್ಯಾಂಡ್ ಇಡಿ. ಡ್ರಮ್ ಬರದಿದ್ದರೆ ಸುತ್ತಿಗೆಗೆ ಮೊದಲು ಅಡ್ಜಸ್ಟರ್ (ಶೂ, ಡ್ರಮ್ ನಡುವಿನ ಅಂತರ ಹೊಂದಿಸುವ ಭಾಗ) ಸಡಿಲಿಸಿ. ಒಂದು ಬದಿ ಮುಗಿಸಿಯೇ ಇನ್ನೊಂದು ಬದಿ ಬಿಚ್ಚಿ, ಸ್ಪ್ರಿಂಗ್ ಎಲ್ಲಿ ಕೂರುತ್ತದೆ ಎಂದು ನೋಡಿಕೊಳ್ಳಲು ಒಂದು ಜೊತೆ ಬೇಕು. ಪೈಪ್ ನಟ್ಟಿಗೆ ಫ್ಲೇರ್ ನಟ್ ಸ್ಪ್ಯಾನರೇ ಆಗಬೇಕು, ಸಾಧಾರಣ ಪಾನಾ ಮೂಲೆ ತಿನ್ನುತ್ತದೆ. ನಟ್ ಜೊತೆ ಪೈಪೂ ತಿರುಗತೊಡಗಿದರೆ ನಿಲ್ಲಿಸಿ, ಹಿಂದೆ ಮುಂದೆ ಆಡಿಸಿ. ಹೊಸದನ್ನು ಕೂರಿಸುವಾಗ ಮೊದಲು ಪೈಪ್ ನಟ್ಟನ್ನು ಕೈಯಿಂದಲೇ ಕೆಲವು ಸುತ್ತು ಹತ್ತಿಸಿ, ಆಮೇಲೆ ಸಿಲಿಂಡರ್ ಬೋಲ್ಟ್ ಬಿಗಿಯಿರಿ. ತಿರುಗುಮುರುಗು ಮಾಡಿದರೆ ಥ್ರೆಡ್ ಹೋಗುತ್ತದೆ. ಕಪ್ ತೊಳೆಯಲು ಸೀಮೆಎಣ್ಣೆ, ಪೆಟ್ರೋಲ್ ಬೇಡ, ರಬ್ಬರ್ ಉಬ್ಬುತ್ತದೆ. ಆಯಿಲ್ ಕುಡಿದ ಶೂ ಸುಟ್ಟು ಒಣಗಿಸಿದರೂ ಸರಿಯಾಗದು. ಎರಡೂ ಚಕ್ರದ್ದು ಹೊಸದೇ ಹಾಕಿ.

ಕೊನೆಗೆ, ಪೈಪಿನೊಳಗೆ ಸೇರಿದ ಏರ್ ತೆಗೆಯುವುದು ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮುಖ್ಯ ಸಿಲಿಂಡರ್) ದೂರದ ಚಕ್ರದಿಂದ. ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡದ್ದು. ಆಕ್ಸೆಲ್‌ಗೆ ಸರಳಿನಿಂದ ಜೋಡಿಸಿದ ಲೋಡ್ ವಾಲ್ವ್ (ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವುದು) ಇದ್ದರೆ ಚಾಸಿಗೆ ಜಾಕ್ ಕೊಡಬೇಡಿ. ಆಕ್ಸೆಲ್ ನೇತಾಡಿದರೆ ಗಾಡಿ ಖಾಲಿ ಎಂದುಕೊಂಡು ವಾಲ್ವ್ ಹಿಂದಿನ ಬ್ರೇಕಿನ ದಾರಿ ಬಿಗಿ ಮಾಡುತ್ತದೆ, ಏರ್ ಪೂರ್ತಿ ಬರುವುದಿಲ್ಲ.

ಇನ್ನು ಯಾರೂ ಸರಿಯಾಗಿ ಕೇಳದ, ಆದರೆ ಎಲ್ಲರೂ ಜಗಳವಾಡುವ ವಿಷಯ: ‘ಲೈನರ್ (ಶೂ ಮೇಲಿನ ಸವೆಯುವ ಪದರ) ಬದಲಿಸಿದ ವಾರಕ್ಕೇ ಲೀಕ್, ಮೆಕ್ಯಾನಿಕ್ ಹಾಳು ಮಾಡಿದ.’ ಪಾಪ, ಹೆಚ್ಚಿನ ಸಲ ಅವನ ತಪ್ಪಲ್ಲ. ಶೂ ಸವೆದಂತೆ, ಅಡ್ಜಸ್ಟ್ ಮಾಡದೆ ಬಿಟ್ಟರೆ, ಪಿಸ್ಟನ್ ಹೊರಗೆ ಸರಿದು ಅಲ್ಲೇ ಓಡಾಡುತ್ತದೆ. ದಪ್ಪದ ಹೊಸ ಶೂ ಬಂದಾಗ ಮತ್ತೆ ಒಳಕ್ಕೆ ತಳ್ಳಲೇಬೇಕು. ಅಲ್ಲಿ ವರ್ಷಗಟ್ಟಲೆ ಕೂತ ಕಿಲುಬು, ಕೆಸರು. ಕಪ್ ಅದರ ಮೇಲೆಯೇ ಉಜ್ಜಿಕೊಳ್ಳುತ್ತದೆ. ಹಾಗಾಗಿ ಲೈನರ್ ಕೆಲಸಕ್ಕೆ ಡ್ರಮ್ ಬಿಚ್ಚಿದಾಗಲೇ ಬೂಟಿನ ಅಂಚು ಎತ್ತಿ ನೋಡಿ. ಬರೀ ಪಸೆ ಇದ್ದರೆ ಪರವಾಗಿಲ್ಲ. ಆಯಿಲ್ ಹನಿಕಟ್ಟಿ ಇಳಿದರೆ ಸಿಲಿಂಡರನ್ನೂ ಅದೇ ದಿನ ಬದಲಿಸಿಬಿಡಿ.